ಮಂಗಳ ಹಾಡದೆ ಹೋದ ಮೇಷ್ಟ್ರು

ನುಸಿಗುಳಿಗೆ, ನಶ್ಯ, ಹಳೆಯ ತೊಗಲು… ಈ ಮೂರೂ ಕಲೆತ ವಾಸನೆ ಹೋದ ಭಾನುವಾರ ನಮ್ಮ ಹೊಸಕೋಟೆಯ ಬಾಡಿಗೆ ಮನೆಯ ನಡುಮನೆ ತುಂಬಿಕೊಂಡಿತು. ಆಟೋದಲ್ಲಿ ಬಂದಿಳಿದ ಹೆಂಗಸೊಬ್ಬಳು, "ಮಾವ ಇದನ್ನ ನಿಮ್ಗೇ ಕೊಡ್ಬೇಕು ಅಂತ ಹೇಳಿದ್ರು ಅಕ್ಕಾ" ಎಂದು ಬೆಡ್‌ಶೀಟಿನಲ್ಲಿ ಕಟ್ಟಿದ್ದ ಪೆಟ್ಟಿಗೆಯೊಂದನ್ನು ಇಟ್ಟು, ಕಾಫಿಯನ್ನೂ ಕುಡಿಯದೆ ಹೊರಟುಹೋಗಿದ್ದಳು. ಗಂಟು ಬಿಚ್ಚಿದರೆ ನಾಟಕದ ಮೇಷ್ಟ್ರ ಹಾರ್ಮೋನಿಯಂ. ತಂದುಕೊಟ್ಟವಳು ಅವರ ಸೊಸೆ. ಅಯ್ಯೋ ಪುಣ್ಯಾತ್ಮ, ಸತ್ತ ಮೇಲೂ ನನ್ನನ್ನು ಬಿಡಲಿಲ್ಲವಲ್ಲ ಎಂದು ಬಾಯಿಬಿಟ್ಟೇ ಅಂದೆ. ಆಮೇಲೆ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅವರಷ್ಟು ನನ್ನ ಜೀವ ಹಿಂಡಿದ ಮನುಷ್ಯ ಇನ್ನೊಬ್ಬರಿಲ್ಲ. ಸಮೇತನಹಳ್ಳಿ ಕಡೆಯವರು. ಸುತ್ತಮುತ್ತಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ಅವರ ಕಸುಬು. ಸೈಕಲ್ ಟ್ಯೂಬಿನಿಂದ ಹಾರ್ಮೋನಿಯಂ ಬಿಗಿದುಕೊಂಡು ಮೊಪೆಡ್ಡಿನಲ್ಲಿ ಬರುತ್ತಿದ್ದರು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅನುಗೊಂಡನಹಳ್ಳಿಯಿಂದ ಆಚೆಗಿದ್ದ ನಮ್ಮೂರ ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ನಾಟಕ ಕಲಿಸಲು ಅವರನ್ನು ಕರೆಸಿದರು. ಯಾಕೆ ಕರೆಸಿದರೋ, ನಾವು ಆಡಬೇಕೆಂದಿದ್ದ ನಾಟಕಕ್ಕೂ ಅವರಿಗೂ ಏನೂ ಸಂಬಂಧವೇ ಇರಲಿಲ್ಲ.

ನಾಟಕ ನಮ್ಮದೇ. ನಮ್ಮ ಕ್ಲಾಸಿನ ಹುಡುಗನೊಬ್ಬ ಬರೆದಿದ್ದ. ತುಂಬಾ ವರ್ಷ ಮುಂದಿನ ಕಥೆ. ಇಡೀ ಊರನ್ನು ಒಂದು ಯಂತ್ರ ಆಳುತ್ತಿರುತ್ತದೆ. ಜನರಿಗೆ ಹೆಸರಿಲ್ಲ, ನಂಬರ್ ಇದೆ. ದೇವರು ಎಂಬ ಮಾತು ಆಡಿದರೆ ಶಿಕ್ಷೆ. ಗುಡಿಗಳೆಲ್ಲ ಯಾವತ್ತೋ ನೆಲಸಮ. ಅಂಥ ಊರಿನ ಐದು ಮಕ್ಕಳಿಗೆ ಮಣ್ಣು ಅಗೆಯುವಾಗ ಒಂದು ಹಣತೆ ಸಿಗುತ್ತದೆ. ಅದು ಯಾತಕ್ಕೆ ಎಂದು ಯಾರಿಗೂ ಗೊತ್ತಿಲ್ಲ. ಕೇಳುತ್ತಾ ಹುಡುಕುತ್ತಾ ಹೋದಂತೆ ಅವರಿಗೆ ನಂಬಿಕೆ ಹುಟ್ಟುತ್ತದೆ, ಯಂತ್ರಕ್ಕೆ ಎದುರು ನಿಲ್ಲುತ್ತಾರೆ. ಕೊನೇ ದೃಶ್ಯದಲ್ಲಿ ಐವರಲ್ಲಿ ಒಬ್ಬಳು ಹಣತೆ ಹಚ್ಚಿ, ಯಂತ್ರ ಕಾವಲಿಟ್ಟಿರುವ ಒಂದು ಕಲ್ಲಿನ ಮುಂದೆ ಇಡುತ್ತಾಳೆ. ಆ ಒಬ್ಬಳು ನಾನು. ತಮಾಷೆ ಎಂದರೆ ಬರೆದವನೂ ಸೇರಿ ನಮ್ಮ ಐವರಿಗೂ ದೇವರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಕಥೆ ಹೊಸದಾಗಿದೆ, ಮುಖಕ್ಕೆ ಬೆಳ್ಳಿ ಬಣ್ಣ ಬಳಿದುಕೊಳ್ಳಬಹುದು ಎಂಬುದಷ್ಟೇ ನಮ್ಮ ಉತ್ಸಾಹ.

ಮೇಷ್ಟ್ರು ಮೊದಲ ದಿನವೇ ಯಂತ್ರಕ್ಕೆ ಕಿರೀಟ ಬೇಕು ಎಂದರು. ಪ್ರವೇಶಕ್ಕೊಂದು ಹಾಡೂ ಬೇಕಂತೆ!

"ಅದು ರಾಕ್ಷಸ ಅಲ್ಲ ಮೇಷ್ಟ್ರೇ, ಕಂಪ್ಯೂಟರ್" ಎಂದು ಬರೆದವನು ಗೋಗರೆದ.

"ಜನನ್ನ ಹಿಂಸೆ ಮಾಡ್ತದೋ ಇಲ್ವೋ?"

"ಮಾಡ್ತದೆ."

"ಮತ್ತೆ? ಹಾಡ್ಕೊಂಡೇ ಬರ್ಲಿ ಬಿಡು."

ಒಂದು ತಿಂಗಳು ಹೀಗೇ. ನಾವು ಮೆಲ್ಲಗೆ ಮಾತಾಡಿದರೆ ಹಿಂದಿನ ಸಾಲಿನವನಿಗೆ ನಿಮ್ಮಪ್ಪ ಬಂದು ಹೇಳ್ತಾನಾ ಎಂದು ಗದರುವರು. ಮಾತಿನ ಮಧ್ಯೆ ಬೇಡವೆಂದರೂ ಹಾರ್ಮೋನಿಯಂ ಕುಯ್ಯೆನ್ನಿಸುವರು. ಎಲ್ಲಕ್ಕಿಂತ ದೊಡ್ಡ ಜಗಳ ಆದದ್ದು ಪ್ರಾರ್ಥನೆಯ ವಿಷಯಕ್ಕೆ. ದೇವರೇ ಇಲ್ಲದ ಊರಿನ ನಾಟಕ, ಶುರುವಿನಲ್ಲೇ ಗಣಪತಿ ಪ್ರಾರ್ಥನೆ ಹಾಡಿಬಿಟ್ಟರೆ ಕಥೆ ಕೆಡುವುದಿಲ್ಲವೇ ಎಂದು ನಾನು ವಾದಕ್ಕೆ ನಿಂತೆ. ಅವರು ನಶ್ಯ ಏರಿಸಿ, ಒಂದು ಸೀನು ಸೀನಿ, "ಪ್ರಾರ್ಥನೆ ಕಥೆಗಲ್ಲ ಕಣಮ್ಮ, ಆಡೋರಿಗೆ. ಸ್ಟೇಜ್ ಮೇಲೆ ನಿಂತಾಗ ಕಾಲು ನಡುಗ್ತದಲ್ಲ, ಅದಕ್ಕೆ" ಎಂದರು. ನನ್ನ ಕಾಲು ನಡುಗುವುದಿಲ್ಲ ಎಂದೆ. ಕಡೆಗೆ ಪರದೆಯ ಹಿಂದೆ, ಮೈಕಿಲ್ಲದೆ ಹಾಡುವುದೆಂದು ರಾಜಿಯಾಯಿತು.

ಮಂಗಳದ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ನಾಟಕ ಮುಗಿದ ಮೇಲೆ ಪಾತ್ರಧಾರಿಗಳೆಲ್ಲ, ಕಥೆಯಲ್ಲಿ ಸತ್ತವರೂ ಎದ್ದು ಬಂದು, ಸಾಲಾಗಿ ನಿಂತು ಮಂಗಳ ಹಾಡಬೇಕು. ಅದಾಗುವವರೆಗೂ ಬಣ್ಣ ಒರೆಸುವಂತಿಲ್ಲ, ನೋಡುವವರು ಏಳುವಂತಿಲ್ಲ. ನಮ್ಮ ಕಡೆ ಹಳಬರು ಇಂದಿಗೂ ಹಾಗೇ. ಹಾಗಾದರೆ ಅದನ್ನು ಈಗಲೇ ಹೇಳಿಕೊಡಿ ಎಂದರೆ ಅದಕ್ಕೂ ತಕರಾರು. ಅಭ್ಯಾಸದಲ್ಲಿ ಮಂಗಳ ಹಾಡಿದರೆ ನಾಟಕ ಸ್ಟೇಜಿಗೆ ಬರುವ ಮುಂಚೆಯೇ ಮುಗಿದ ಹಾಗಂತೆ. "ಆವತ್ತು ನಾನು ಒಂದೊಂದು ಸಾಲು ಹಾಡ್ತೀನಿ, ನೀವು ಹಿಂದೆ ಹೇಳಿ, ಸಾಕು" ಎಂದರು. ಅದು ನಮ್ಮ ನಾಟಕಕ್ಕೆಂದೇ ಅವರು ಕಟ್ಟಿದ ಹಾಡು, ಬೇರೆ ಯಾರ ಬಳಿಯೂ ಇರಲಿಲ್ಲ.

ಇಲ್ಲಿ ನಮ್ಮೂರ ಗುಂಡುತೋಪಿನ ಮಾತು ಹೇಳಬೇಕು. ಸ್ಕೂಲಿನ ಹಿಂದೆ ಹುಣಸೆ, ಹೊಂಗೆ ಮರಗಳ ತೋಪು. ಅದರ ನಡುವೆ ಮುನೇಶ್ವರನ ಒಂದು ಕಲ್ಲು. ಗುಡಿಯಿಲ್ಲ, ಪೂಜಾರಿಯಿಲ್ಲ, ಶುಕ್ರವಾರ ಹೆಂಗಸರು ಹೋಗಿ ದೀಪ ಇಟ್ಟು ಬರುತ್ತಿದ್ದರು, ಅಷ್ಟೇ. ಆ ವರ್ಷ ಊರಿನ ದೊಡ್ಡ ಮನುಷ್ಯರೊಬ್ಬರು ತೋಪು ತಮ್ಮ ಜಮೀನಿಗೆ ಸೇರಿದ್ದೆಂದು ಸುತ್ತ ಮುಳ್ಳುತಂತಿ ಹಾಕಿಸಿದರು. ಎದುರು ಮಾತಾಡುವ ಧೈರ್ಯ ಯಾರಿಗಿತ್ತು? ನಮ್ಮಜ್ಜಿ ಮಾತ್ರ ಪ್ರತಿ ಶುಕ್ರವಾರ ಹೋಗಿ, ತಂತಿಯ ಹೊರಗೇ ನಿಂತು ಕೈಮುಗಿದು, ಹಚ್ಚದ ದೀಪವನ್ನು ಸೆರಗಿನಲ್ಲಿಟ್ಟುಕೊಂಡು ವಾಪಸು ಬರುತ್ತಿದ್ದಳು. ಒಂದು ಕಲ್ಲಿಗೆ ಇಷ್ಟೆಲ್ಲ ಯಾಕಜ್ಜಿ, ದೀಪ ಮನೇಲೇ ಇಡು ಎಂದು ನಾನು ರೇಗುತ್ತಿದ್ದೆ. ಮುಂದಿನ ಶುಕ್ರವಾರ ಅಜ್ಜಿ ಮತ್ತೆ ಹೊರಡುತ್ತಿದ್ದಳು.

ಆ ದೊಡ್ಡ ಮನುಷ್ಯರೇ ವಾರ್ಷಿಕೋತ್ಸವದ ಮುಖ್ಯ ಅತಿಥಿ. ಎರಡು ದಿನ ಮುಂಚೆ ಹೆಡ್ಮಾಸ್ಟರ್ ನಮ್ಮ ಅಭ್ಯಾಸ ನೋಡಲು ಬಂದರು. ಕಾವಲಿಟ್ಟ ಕಲ್ಲು, ಅದರ ಮುಂದೆ ದೀಪ… ನೋಡುತ್ತಾ ನೋಡುತ್ತಾ ಅವರ ಮುಖ ಬಿಳಿಚಿಕೊಂಡಿತು. ಹುಡುಗ ಅದನ್ನು ಬೇಕೆಂದೇ ಬರೆದಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೇ ದೃಶ್ಯ ತೆಗೆದುಬಿಡಿ ಎಂದರು. ಪರೀಕ್ಷೆ ಹತ್ತಿರ ಬಂತು, ಇಲ್ಲದ ರಾದ್ಧಾಂತ ಬೇಡ ಎಂದರು. ಎಲ್ಲರಿಗಿಂತ ಮೊದಲು "ಆಯ್ತು ಸಾರ್" ಎಂದವಳು ನಾನೇ. ರಟ್ಟಿನಲ್ಲಿ ಮಾಡಿ ಬಣ್ಣ ಬಳಿದಿದ್ದ ಕಲ್ಲನ್ನು ಅಟೆಂಡರ್ ಎತ್ತಿಕೊಂಡು ಹೋಗಿ ಒಲೆಗೆ ಹಾಕಿದ.

ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. "ಹಂಗಾದ್ರೆ ನಾಟಕ ಎಲ್ಲಿಗೆ ಮುಗೀತದೆ?" ಎಂದರು. ಯಂತ್ರ ಬಂದು ಇಲ್ಲಿ ಯಾವ ದೇವರೂ ಇಲ್ಲ ಎಂದು ಘೋಷಿಸುತ್ತದಲ್ಲ, ಅಲ್ಲಿಗೇ ಎಂದು ನಾನು ಸಿಡುಕಿದೆ. ಅವರು ತಲೆಯಾಡಿಸಿ ಮೊಪೆಡ್ ಹತ್ತಿದರು. ಸದ್ಯ, ಇದಕ್ಕಾದರೂ ಜಗಳ ತೆಗೆಯಲಿಲ್ಲವಲ್ಲ ಎಂದುಕೊಂಡೆ.

ನಾಟಕ ನಡೆದದ್ದು ಮಧ್ಯಾಹ್ನದ ಬಿಸಿಲಿನಲ್ಲಿ, ಶಾಮಿಯಾನದ ಕೆಳಗೆ. ಯಂತ್ರ ಕಿರೀಟ ಇಟ್ಟುಕೊಂಡು ಹಾಡುತ್ತಲೇ ಬಂತು. ಹುಡುಗರು ಶಿಳ್ಳೆ ಹೊಡೆದರು, ಮುಖ್ಯ ಅತಿಥಿಗಳೂ ನಕ್ಕರು. ಕಡೆಗೆ ಯಂತ್ರ "ಇಲ್ಲಿ ಯಾವ ದೇವರೂ ಇಲ್ಲ!" ಎಂದು ಗುಡುಗಿತು. ನಾವು ಸಾಲಾಗಿ ನಿಂತು ಕೈಮುಗಿದೆವು, ಮಂಗಳಕ್ಕೆ ಕಾದೆವು.

ಹಾರ್ಮೋನಿಯಂ ನುಡಿಯಲಿಲ್ಲ. ನೋಡಿದರೆ ಮೇಷ್ಟ್ರು ಕೈಕಟ್ಟಿ ಕೂತಿದ್ದಾರೆ! ಹೆಡ್ಮಾಸ್ಟರ್ ಪಕ್ಕದಿಂದ ಸನ್ನೆ ಮಾಡಿದರು. ಆಮೇಲೆ ಹತ್ತಿರ ಹೋಗಿ ಪಿಸುಗುಟ್ಟಿದರು. ಮೇಷ್ಟ್ರಿಗೆ ಪಿಸುಮಾತು ಗೊತ್ತಿದ್ದರೆ ತಾನೇ?

"ನಾಟಕ ಮುಗಿದಿಲ್ಲ ಸಾರ್. ಮುಗೀದೇ ಇದ್ದದ್ದಕ್ಕೆ ಮಂಗಳ ಹಾಡೋ ಪದ್ಧತಿ ನಮ್ಮಲ್ಲಿಲ್ಲ."

ಕೊನೇ ಸಾಲಿನವರಿಗೂ ಕೇಳಿಸಿತು. ಮುಖ್ಯ ಅತಿಥಿಗಳು ಮೈಕಿನ ಹತ್ತಿರ ಬಂದು, "ಸಾಕು ಬಿಡಿ ಮೇಷ್ಟ್ರೇ, ಭಾಷಣ ಮುಗಿಸ್ಕೊಂಡು ನಾನೂ ಹೊರಡ್ತೀನಿ" ಎಂದರು. ಮೇಷ್ಟ್ರು ಕದಲಲಿಲ್ಲ. ಮುಂದೆ ಜಮಖಾನದ ಮೇಲೆ ಕೂತಿದ್ದ ಹೆಂಗಸರೂ ಏಳಲಿಲ್ಲ. ಮಂಗಳ ಆಗದೆ ಅವರು ಹೇಗೆ ಏಳುತ್ತಾರೆ? ಭಾಷಣಕ್ಕೆ ಯಾರೂ ಕಿವಿಗೊಡದೆ ಸುಮ್ಮನೆ ಸ್ಟೇಜಿನ ಕಡೆ ನೋಡುತ್ತಾ ಕೂತರು. ನನಗೆ ಪಿತ್ತ ನೆತ್ತಿಗೇರಿತು. ಈ ಮುದುಕ ಊರ ಮುಂದೆ ನಮ್ಮ ಮಾನ ಕಳೆಯುತ್ತಿದ್ದಾನಲ್ಲ! ಬೆಳ್ಳಿ ಬಣ್ಣ ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಅಜ್ಜಿ ಕಂಡಳು. ಎಲ್ಲರೂ ನಮ್ಮನ್ನು ನೋಡುತ್ತಿದ್ದರೆ ಅವಳೊಬ್ಬಳು ಕತ್ತು ತಿರುಗಿಸಿ ತೋಪಿನ ಕಡೆ ನೋಡುತ್ತಿದ್ದಳು. ಆವತ್ತು ಶುಕ್ರವಾರ.

ಮೇಷ್ಟ್ರ ಹತ್ತಿರ ಹೋದೆ, ಬೈದುಬಿಡೋಣ ಎಂದು. ನಿಜವಾಗಿ ಬೈಯಲೆಂದೇ ಹೋದೆ. ಹಾರ್ಮೋನಿಯಂ ಪಕ್ಕದಲ್ಲಿ ಹಣತೆ ಇತ್ತು. ಎಣ್ಣೆ ಹಾಕಿ, ಬತ್ತಿ ಹೊಸೆದು, ಬೆಂಕಿಪೊಟ್ಟಣದ ಸಮೇತ ಇಟ್ಟಿದ್ದರು. ನನ್ನ ಮುಖ ಕೂಡ ನೋಡಲಿಲ್ಲ ಆ ಮನುಷ್ಯ. ನನ್ನ ಕಾಲು ಆಗ ನಡುಗಿತು, ಸುಳ್ಳೇಕೆ ಹೇಳಲಿ. ಹಣತೆ ಹಚ್ಚಿ ಸ್ಟೇಜಿನ ಮಧ್ಯಕ್ಕೆ ಬಂದು ನೋಡಿದರೆ ದೀಪ ಇಡಲು ಕಲ್ಲೇ ಇಲ್ಲ. ಅದು ಒಲೆಗೆ ಹೋಗಿತ್ತಲ್ಲ! ಒಂದು ಕ್ಷಣ ಪೆದ್ದಿಯ ಹಾಗೆ ನಿಂತೆ. ಆಮೇಲೆ ಮೆಟ್ಟಿಲಿಳಿದು, ಜನರ ಮಧ್ಯೆಯೇ ತೋಪಿನ ಕಡೆ ನಡೆದೆ. ಬೇರೆ ಕಲ್ಲು ನನಗೆ ಗೊತ್ತಿರಲಿಲ್ಲ.

ಹಿಂದಿನಿಂದ ಹೆಡ್ಮಾಸ್ಟರ್ ಕೂಗಿದರು. ನಾಟಕ ಬರೆದವನು, "ನಿಲ್ಲೇ, ನಾನೂ ಬರ್ತೀನಿ" ಎಂದು ಓಡಿಬಂದ, ಉಳಿದ ಮೂವರೂ ಬಂದರು. ತಂತಿಯ ಹತ್ತಿರ ನಿಂತುಬಿಟ್ಟೆವು. ಅಜ್ಜಿ ಯಾವಾಗ ಬಂದಳೋ, ಕೆಳಗಿನ ತಂತಿಯನ್ನು ಚಪ್ಪಲಿಗಾಲಲ್ಲಿ ಮೆಟ್ಟಿ, ಮೇಲಿನದನ್ನು ಸೆರಗು ಸುತ್ತಿದ ಕೈಯಲ್ಲಿ ಎತ್ತಿ ಹಿಡಿದಳು. "ಬಗ್ಗು, ತಲೆ ಬಗ್ಗಿಸು" ಎಂದಳು. ಚಿಕ್ಕವಳಿದ್ದಾಗ ಹೊಲದ ಬೇಲಿ ದಾಟಿಸುತ್ತಿದ್ದ ಹಾಗೆಯೇ. ಒಳಗೆ ಹೋಗುವಷ್ಟರಲ್ಲಿ ಗಾಳಿಗೆ ದೀಪ ಎರಡು ಸಲ ಆರಿತು. ಪವಾಡ ಗಿವಾಡ ಏನೂ ನಡೆಯಲಿಲ್ಲ. ಬೀಡಿ ಸೇದುವ ತಾತನೊಬ್ಬನ ಬೆಂಕಿಪೊಟ್ಟಣದಿಂದ ಮೂರನೇ ಸಲ ಹಚ್ಚಿ ಕಲ್ಲಿನ ಮುಂದೆ ಇಟ್ಟೆ. ಕೈಮುಗಿದಾಗ ಎದೆ ಡವಡವ ಎನ್ನುತ್ತಿತ್ತು. ಅದು ಭಕ್ತಿಯೋ ಭಯವೋ… ಆದರೆ ನಾನು ಒಬ್ಬಳೇ ಅಲ್ಲ ಎಂದು ಅನ್ನಿಸಿದ್ದು ಮಾತ್ರ ನಿಜ. ತಿರುಗಿ ನೋಡಿದರೆ ಹೆಂಗಸರು ಒಬ್ಬೊಬ್ಬರಾಗಿ ತಂತಿ ನುಸುಳಿ ಬರುತ್ತಿದ್ದರು. ಅತಿಥಿಗಳ ಕಾರು ಧೂಳೆಬ್ಬಿಸಿಕೊಂಡು ಹೋಯಿತು.

ಮನೆಯಲ್ಲಿ ಅಪ್ಪನಿಂದ ಬೈಗುಳ, ಸ್ಕೂಲಿನಲ್ಲಿ ವಿಚಾರಣೆ, ಎಲ್ಲ ಆಯಿತು. ತೋಪು ಪೂರ್ತಿ ಉಳಿಯಿತು ಎಂದರೆ ಸುಳ್ಳಾಗುತ್ತದೆ. ಅರ್ಧಕ್ಕೆ ಮುಂದೆ ಗೋಡೌನು ಬಂತು. ಆದರೆ ಅಜ್ಜಿ ಮೆಟ್ಟಿದ ಜಾಗದಲ್ಲಿ ತಂತಿಯನ್ನು ಮತ್ತೆ ಬಿಗಿಯುವ ಧೈರ್ಯ ಯಾರಿಗೂ ಬರಲಿಲ್ಲ. ಕಲ್ಲು ಅಲ್ಲೇ ಇದೆ, ನಾಲ್ಕು ಹುಣಸೆ ಮರಗಳೂ ಇವೆ.

ಆ ಗದ್ದಲದಲ್ಲಿ ಮಂಗಳ ಹಾಡಲಿಲ್ಲ. ನಾವು ತೋಪಿನಿಂದ ಬರುವಷ್ಟರಲ್ಲಿ ಹೆಡ್ಮಾಸ್ಟರ್ ಮೇಷ್ಟ್ರನ್ನು ಗೇಟಿನಿಂದಾಚೆ ಕಳಿಸಿಬಿಟ್ಟಿದ್ದರು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ನನ್ನ ಬಣ್ಣ ಒರೆಸಿದಳು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಮೇಷ್ಟ್ರು ಎಲ್ಲಿ ಸಿಕ್ಕರೂ ಅದೇ ಮಾತು. ಬಸ್‌ಸ್ಟಾಂಡಿನಲ್ಲಿ, ಸಂತೆಯಲ್ಲಿ, "ಮಂಗಳ ಬಾಕಿ ಇದೆ ಕಣಮ್ಮ, ಐದು ಜನನ್ನೂ ಸೇರ್ಸು. ಮಂಗಳ ಆಗ್ದೇನೇ ಬಣ್ಣ ಒರೆಸ್ಕೊಂಡ್ಬಿಟ್ಯಲ್ಲ!" ನನ್ನ ಮದುವೆಯ ಆರತಕ್ಷತೆಯಲ್ಲೂ ಸ್ಟೇಜ್ ಹತ್ತಿ ಬಂದು, ಅಕ್ಷತೆ ಹಾಕಿ, ಗಂಡನ ಎದುರಿಗೇ ಅದನ್ನು ಹೇಳಿದರು. ಯಾರಿದು, ಏನು ಬಾಕಿ ಎಂದು ನಮ್ಮವರು ಗಾಬರಿಯಾದರು! ಐವರೂ ಒಂದೊಂದು ದಿಕ್ಕಿಗೆ ಹೋಗಿದ್ದೆವು, ಸೇರಿಸುವುದು ಅಷ್ಟು ಸುಲಭವೇ? ಆಯ್ತು ಮೇಷ್ಟ್ರೇ, ಆಯ್ತು ಎನ್ನುತ್ತಲೇ ವರ್ಷಗಳನ್ನು ತಳ್ಳಿದೆ. ಹೋದ ವರ್ಷ ಫೋನು ಮಾಡಿದ್ದರು. ದನಿ ತೀರಾ ಇಳಿದಿತ್ತು. ನಾನು ಯಾವುದೋ ಕೆಲಸದಲ್ಲಿದ್ದೆ, "ಮುಂದಿನ ತಿಂಗಳು ಖಂಡಿತ" ಎಂದು ಇಟ್ಟುಬಿಟ್ಟೆ. ಹೋಗಿಬಿಟ್ಟರೆಂದು ತಿಳಿದದ್ದು ತಿಥಿಯೂ ಕಳೆದ ಮೇಲೆ. ಅರ್ಧ ಗಂಟೆಯ ದಾರಿ… ನನಗೆ ನಾನೇ ಎರಡು ಬಾರಿಸಬೇಕು ಅನ್ನಿಸಿತು.

ಭಾನುವಾರ ಹಾರ್ಮೋನಿಯಂ ಮುಂದೆ ಕೂತವಳು ನಾಟಕ ಬರೆದವನಿಗೆ ಫೋನು ಮಾಡಿದೆ. ಈಗಲಾದರೂ ಐವರೂ ಸೇರಿ ಆ ಕಲ್ಲಿನ ಮುಂದೆ ಮಂಗಳ ಹಾಡಿ ಮುಗಿಸೋಣ ಕಣೋ ಎಂದೆ. ಅವನು ಕೇಳಿದ್ದು ಒಂದೇ ಮಾತು.

"ಹಾಡು ನಿಂಗೆ ಬರ್ತದಾ?"

"ಇಲ್ಲ. ನಿಂಗೆ?"

"ಅವರು ಹೇಳ್ಕೊಡ್ಲೇ ಇಲ್ವಲ್ಲೇ."

ಉಳಿದ ಮೂವರನ್ನೂ ಕೇಳಿದೆ. ಒಂದು ಸಾಲು ಕೂಡ ಯಾರಿಗೂ ಗೊತ್ತಿಲ್ಲ. ಮೇಷ್ಟ್ರ ಸೊಸೆಯನ್ನು ಕೇಳಿದೆ, ಎಲ್ಲೂ ಬರೆದಿಟ್ಟಿಲ್ಲವಂತೆ. ಅಷ್ಟು ವರ್ಷ ಕಂಡಲ್ಲೆಲ್ಲ ಪ್ರಾಣ ತಿಂದರಲ್ಲ, ಬಸ್‌ಸ್ಟಾಂಡಿನಲ್ಲೇ ನಿಂತು ನಾಲ್ಕು ಸಾಲು ಹೇಳಿಕೊಟ್ಟಿದ್ದರೆ ಏನಾಗುತ್ತಿತ್ತು? ನಾನಾದರೂ ಒಂದು ಸಲ ಕೇಳಬಹುದಿತ್ತು…

ಅಜ್ಜಿ ಹೋದ ಮೇಲೆ ತಿಂಗಳಿಗೊಂದು ಶುಕ್ರವಾರವಾದರೂ ಊರಿಗೆ ಹೋಗಿ, ತಲೆ ಬಗ್ಗಿಸಿ ತಂತಿ ದಾಟಿ, ದೀಪ ಇಟ್ಟು ಬರುತ್ತಿದ್ದೇನೆ. ಈ ಶುಕ್ರವಾರ ಹಾರ್ಮೋನಿಯಂ ಕೂಡ ಒಯ್ಯುತ್ತೇನೆ. ಬಾರಿಸಲು ನನಗೆ ಬರುವುದಿಲ್ಲ. ದೀಪದ ಪಕ್ಕದಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಕೂತು, ಮತ್ತೆ ಕಟ್ಟಿಕೊಂಡು ಬರುತ್ತೇನೆ. ನಾಟಕ ಇನ್ನೂ ಮುಗಿದಿಲ್ಲ ಮೇಷ್ಟ್ರೇ, ಮುಗಿಸುವ ಹಾಡನ್ನು ನೀವೇ ತೆಗೆದುಕೊಂಡು ಹೋಗಿದ್ದೀರಿ.