ಅಕ್ಕನ ಒಡಪು, ನನ್ನ ಲೂಪರ್

ಗಿಟಾರಿಗೆ ಕೊಟ್ಟಷ್ಟು ಲಕ್ಷ್ಯವನ್ನು ನಾನು ಮನುಷ್ಯರಿಗೆ ಕೊಡುವುದಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಮೊದಲಾದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಬಬಲೇಶ್ವರದ ಕುಬಸ ಆದಾಗಿನಿಂದ ಎದುರು ಮಾತಾಡುವ ಮುಖ ನನಗಿಲ್ಲ.

ಅಕ್ಕನ ಮನೆ ತಿಕೋಟಾದಲ್ಲಿ. ಹೋದ ವರ್ಷ ಭಾವ ಮನೆ ಬಿಟ್ಟು ಹೋದರು. ಸೊಲ್ಲಾಪುರದಲ್ಲಿ ಬೇರೆ ಸಂಸಾರ ಹೂಡಿದ್ದಾರೆಂದು ನಮ್ಮ ಮನೆಯವರಿಗಷ್ಟೇ ಗೊತ್ತು. ಮಗಳನ್ನು ಕೊಟ್ಟ ಬಬಲೇಶ್ವರದ ಬೀಗರಿಗೆ, ನೌಕರಿ ಮೇಲೆ ಹೋಗಿದ್ದಾರೆ ಎಂದೇ ಅಕ್ಕ ಹೇಳುತ್ತ ಬಂದಿದ್ದಳು. ಮಗಳು ಬಸುರಿಯಾದಳು, ಬೀಗರ ಮನೆಯಲ್ಲೇ ಕುಬಸ, ಅಂದರೆ ಸೀಮಂತ, ಮಾಡುವುದೆಂದು ನಿಶ್ಚಯವಾಯಿತು. ಹುಡುಗಿಗೆ ಸುಖವಾಗಿ ಹೆರಿಗೆಯಾಗುವ ತನಕ ವಿಷಯ ಹೊರಬೀಳಬಾರದು ಎಂಬುದೊಂದೇ ಅಕ್ಕನ ಹಟ.

ಅವಳ ಭಯವೆಲ್ಲ ಒಡಪಿನದು. ಕುಬಸಕ್ಕೆ ಕೂಡಿದ ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಗಂಡನ ಹೆಸರನ್ನು ಪ್ರಾಸಕ್ಕೆ ಸೇರಿಸಿ ಹೇಳಬೇಕು. ಹೇಳುವತನಕ ಯಾರೂ ಬಿಡುವುದಿಲ್ಲ. ಹಿಂದಿನ ದಿನ ಫೋನ್ ಮಾಡಿ ಬೇಡಿಕೊಂಡಳು.

"ತಮ್ಮಾ, ಅವನ ಹೆಸರ ಮಾತ್ರ ನನ್ನ ಬಾಯಾಗ ಬರಂಗಿಲ್ಲ. ನನ್ನ ಪಾಳಿ ಬಂದಕೂಡ್ಲೆ ನೀ ಬಾರಿಸಾಕ ಸುರು ಮಾಡಿಬಿಡು. ನಾ ಸೋಬಾನ ಎತ್ತಿ ಪಾರಾಗ್ತೇನಿ."

ಇಷ್ಟೇ ಕೆಲಸ. ಗಿಟಾರ್ ಎತ್ತಿಕೊಂಡು ಬಾರಿಸಿದ್ದರೆ ಸಾಕಿತ್ತು. ಆದರೆ ನನ್ನ ಶೋಕಿ ಕೇಳಬೇಕಲ್ಲ! ಹೊಸದಾಗಿ ಕೊಂಡ, ಗಿಟಾರಿನ ದನಿ ಬದಲಿಸುವ ಡಿಜಿಟಲ್ ಇಫೆಕ್ಟ್ಸ್ ಡಬ್ಬಿಯನ್ನು ಬೀಗರ ಮುಂದೆ ಮೆರೆಸಬೇಕಿತ್ತು. ಅದರೊಳಗೊಂದು ಲೂಪರ್ ಇದೆ. ಕಾಲಿನಿಂದ ಒತ್ತಿ ಒಂದು ಸಾಲು ಬಾರಿಸಿ ಮತ್ತೆ ಒತ್ತಿದರೆ ಅದನ್ನೇ ಮತ್ತೆ ಮತ್ತೆ ಕೇಳಿಸುತ್ತದೆ, ಅದರ ಮೇಲೆ ನಾವು ಬೇರೆ ಬಾರಿಸಬಹುದು. ವಿಜಯಪುರದ ಮನೆಯಲ್ಲಿ ತಯಾರಿ ಮಾಡುವಾಗ ಲೂಪರನ್ನು ಎಲ್ಲ ಇಫೆಕ್ಟುಗಳಿಗಿಂತ ಮುಂದೆ ಇಟ್ಟಿದ್ದೆ. ಆಗ ಬೇರೆಯದೇ ಪೀಕಲಾಟ. ಮೇಲಿನ ರಾಗಕ್ಕೆಂದು ಗಡುಸು ದನಿಗೆ ಬದಲಿಸಿದರೆ, ಕೆಳಗೆ ಮೆತ್ತಗೆ ತಿರುಗುತ್ತಿದ್ದದ್ದೂ ಗಡುಸಾಗಿ ಕಿರುಚುತ್ತಿತ್ತು. ಪರದೆಯ ಮೇಲೆ ಬೆರಳಿಟ್ಟು ಲೂಪರನ್ನು ಇಫೆಕ್ಟುಗಳ ಸಾಲಿನ ಕಟ್ಟಕಡೆಗೆ ಎಳೆದೆ. ಹಿಡಿದದ್ದು ಹಿಡಿದ ಹಾಗೇ ಉಳಿಯಿತು. ದೊಡ್ಡ ಶೋಧ ಮಾಡಿದವನಂತೆ ಹಿಗ್ಗಿದೆ.

ಬಬಲೇಶ್ವರದಲ್ಲಿ ಹೆಂಗಸರ ಮೈಕನ್ನೂ ನನ್ನ ಡಬ್ಬಿಗೇ ಸಿಕ್ಕಿಸಿದೆ. ಅವರ ದನಿಗೂ ಗೋಳಗುಮ್ಮಟದ ಹಾಗೆ ಒಂದಿಷ್ಟು ಗುಂಗು ಬರಲಿ ಎಂಬ ಆಸೆ. ಸಾಲಿನ ಕಡೆಯಲ್ಲಿ ಕುಳಿತ ಲೂಪರ್ ಗಿಟಾರಿನ ಜೊತೆ ಮೈಕಿನ ಮಾತನ್ನೂ ಹಿಡಿಯುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಕ್ಕನ ಪಾಳಿ ಬಂತು. ಮೈಕನ್ನು ಅವಳ ಕೈಗೆ ತುರುಕಿ ಹೆಂಗಸರು ಗದ್ದಲ ಎಬ್ಬಿಸಿದರು. ನಾನು ಲೂಪರ್ ಒತ್ತಿ ಬಾರಿಸತೊಡಗಿದೆ. ಪಕ್ಕದಲ್ಲಿದ್ದ ನಮ್ಮ ಚಿಗವ್ವ, ಹೇಳಿ ಮುಗಿಸಬಾರದೇನು ಎಂದು ಅವಳನ್ನು ತಿವಿದಳಂತೆ. ಅಕ್ಕ ಕೈಯಲ್ಲಿದ್ದ ಮೈಕನ್ನು ಮರೆತು ಚಿಗವ್ವನ ಕಿವಿಯಲ್ಲಿ ಏನೋ ಅಂದಳು. ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ನಾನು ಇನ್ನೊಮ್ಮೆ ಒತ್ತಿದೆ, ಹಿಡಿದದ್ದು ತಿರುಗತೊಡಗಿತು. ಇನ್ನೇನು ಹಾಡು ಬರುತ್ತದೆಂದು ಎಲ್ಲರೂ ಸುಮ್ಮನಾದರು. ಆಗ ನನ್ನ ಗಿಟಾರಿನ ನಡುವೆ ಅಕ್ಕನ ಪಿಸುಮಾತು ಅಂಗಳಕ್ಕೆಲ್ಲ ಕೇಳಿಸಿತು.

"ಮತ್ತೊಬ್ಬಾಕಿ ಕೂಡ ಹೋಗಿ ಕುಂತಾಂವನ ಹೆಸರ ಹೆಂಗ ಹೇಳ್ಲಿ ಬೇ?"

ನಿಲ್ಲಿಸಲೆಂದು ಒತ್ತಿದೆ. ಒಮ್ಮೆ ಒತ್ತಿದರೆ ಅದು ನಿಲ್ಲುವುದಿಲ್ಲ, ಮೇಲೆ ಇನ್ನೊಂದು ಪದರ ಸೇರಿಸಿಕೊಳ್ಳುತ್ತದೆ. ನಿಲ್ಲಿಸಲು ಬೇಗಬೇಗನೆ ಎರಡು ಸಲ ಒತ್ತಬೇಕು. ದಿನಾ ಮಾಡುವ ಕೆಲಸ, ಹಾಳಾದ ಕಾಲಿಗೆ ಆಗಲೇ ಮರೆಯಬೇಕೆ? ಅದೇ ಮಾತು ಮತ್ತೆ ಬಂತು. ವೈರ್ ಕಿತ್ತ ಮೇಲೆಯೇ ಸುಮ್ಮನಾದದ್ದು.

ಹಸಿರು ಸೀರೆಯಲ್ಲಿ ಕುಳಿತಿದ್ದ ಹುಡುಗಿ ತಲೆ ಎತ್ತಲಿಲ್ಲ. ಅವಳ ಅತ್ತೆ ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ನಕ್ಕುಬಿಟ್ಟಳು.

"ನೌಕರಿನ ಸವತಿ ಆಗಿ ಕುಂತೈತ್ರಿ ನನಗ. ಮಗಳ ಕುಬಸಕ್ಕೂ ಬಿಡಲಿಲ್ಲ. ಸಿಟ್ಟಿಗೆ ಅಂದ್ನಿರಿ."

"ಹಂಗಾರ ಹೆಸರ ಹೇಳ್ರಿ," ಅಂದರು ಬೀಗಿತಿ. ಅವರು ನಗುತ್ತಿರಲಿಲ್ಲ.

ಅಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ತನ್ನ ಮದುವೆಯಲ್ಲಿ ಹೇಳಿದ್ದ ಅದೇ ಒಡಪನ್ನು, ಒಂದು ಶಬ್ದವೂ ತಡವರಿಸದೆ, ಭಾವನ ಹೆಸರು ಸಮೇತ ಹೇಳಿದಳು. ದನಿ ಓಣಿಯವರೆಗೆ ಹೋಗಿರಬೇಕು. ಹೆಂಗಸರು ಚಪ್ಪಾಳೆ ತಟ್ಟಿದರು. ಬೀಗಿತಿ ನಂಬಿದರೋ ಬಿಟ್ಟರೋ, ನಕ್ಕು ಮುಂದಿನವರ ಕಡೆ ತಿರುಗಿದರು.

ನಾನು ವೈರ್ ಸುತ್ತುವ ನೆವದಲ್ಲಿ ತಲೆ ತಗ್ಗಿಸಿ ಕೂತೆ. ನೆಲ ಬಾಯಿಬಿಟ್ಟರೆ ಒಳಗೆ ಹೋಗುವಷ್ಟು ನಾಚಿಕೆ. ಯಾವುದನ್ನು ತಪ್ಪಿಸೆಂದು ಬೇಡಿಕೊಂಡಿದ್ದಳೋ ಅದನ್ನೇ ಅಷ್ಟು ಜನರ ಮುಂದೆ ಅವಳ ಬಾಯಿಂದ ಹೊರಡಿಸಿದ್ದೆ.

ಸಂಜೆ ಅವಳನ್ನು ತಿಕೋಟಾಕ್ಕೆ ಬಿಡಲು ಕಾರಿನಲ್ಲಿ ಹೊರಟೆ. ಬೈಯಿ, ಬೇಕಾದರೆ ಎರಡು ಬಾರಿಸು ಎಂದೆ. ಊರು ಹತ್ತಿರ ಬಂದಾಗ ಬಾಯಿಬಿಟ್ಟಳು.

"ನಿನ್ನ ಮ್ಯಾಲೆ ಸಿಟ್ಟಿಲ್ಲೋ ತಮ್ಮಾ. ಅವನ ಹೆಸರ ಹೇಳುವಾಗ ನನಗ ಖುಷಿ ಆತು. ಅದಕ್ಕ ನಾಚಿಕಿ ಬಂದೈತಿ."

ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಗಾಡಿ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವಳ ಕಡೆ ತಿರುಗಬೇಕಾಗುತ್ತಿತ್ತು.