ಸೀಸೆಯೊಳಗಿನ ಹುಳ

ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮನ ಆಳ್ವಿಕೆ ಹೋದ ಚಳಿಗಾಲ. ನಾನು ಭಾಲ್ಕಿಯಲ್ಲಿ ಬೆಳೆ ತಪಾಸಣೆಯ ಗುಮಾಸ್ತ. ಸಾಯಗಾಂವದ ರೈತ ಹೆಣ್ಣುಮಗಳು ಶರಣಮ್ಮನ ಕಡಲೆಗೆ ಹಸಿರು ಹುಳ ಬಿದ್ದಿತ್ತು. ನಾಲ್ಕು ಹುಳ ಸೀಸೆಗೆ ಹಾಕಿ ಬೀದರಿನ ಕಚೇರಿಗೆ ಕಳಿಸಿ, ಔಷಧದ ಪುಡಿ ಬೇಕೆಂದು ಬರೆದೆ. ತಿಂಗಳಾದ ಮೇಲೆ ಅಲ್ಲಿನ ಸಾಹೇಬರು ನಮ್ಮಿಬ್ಬರನ್ನೂ ಕರೆಸಿ ಸೀಸೆ ತೋರಿಸಿದರು.

“ಹುಳ ಅಂತ ಬರದೀರಿ. ಇದರಾಗ ಪತಂಗ ಅವ. ಸುಳ್ಳು ರಿಪೋರ್ಟ್!”

“ಹುಳಾನೇ ಕೋಶ ಕಟ್ಟಿ ಪತಂಗ ಆಗ್ತದರಿ, ಸಾಹೇಬ್ರ,” ಎಂದೆ.

“ಒಂದು ತಿಂಗಳದಾಗ ಯಾರರ ಇಷ್ಟು ಬದಲಾಗ್ತಾರೇನು?”

ಶರಣಮ್ಮ ಅವರ ತಲೆಯ ಮೇಲಿನ ಗರಿಗರಿ ಗಾಂಧಿ ಟೋಪಿಯನ್ನೇ ನೋಡಿದಳು. “ಯಾಕ ಆಗಂಗಿಲ್ಲರಿ? ಹೋದ ವರ್ಷ ನಮ್ಮೂರಿಗೆ ಬಂದಾಗ ನಿಮ್ಮ ತಲಿ ಮ್ಯಾಲ ನಿಜಾಮನ ಸರ್ಕಾರದ ಕೆಂಪು ರೂಮಿ ಟೋಪಿ ಇತ್ತಲ್ರಿ?”

ಸಾಹೇಬರು ಟೋಪಿ ಸರಿಮಾಡಿಕೊಂಡು ಪುಡಿ ಮಂಜೂರು ಮಾಡಿದರು. ಅದನ್ನು ಎರಚಲು ಹೊಲದಲ್ಲಿ ಕಡಲೆಯೊಂದು ಉಳಿದಿರಲಿಲ್ಲ, ಅಷ್ಟೇ.