ಸಾಮಾನು ಟೀಚರ್ ಬರೆದ ಪಾಠಗಳು

ಮಕ್ಕಳು ಅವರನ್ನು ಸಾಮಾನು ಟೀಚರ್ ಎನ್ನುತ್ತಿದ್ದರು. ಹೆಗಲ ಚೀಲದಲ್ಲಿ ದಾರದುಂಡೆ, ನಲ್ಲಿಯ ವಾಷರು, ದರ್ಜಿಯ ಟೇಪು, ಮುರಿದ ಕೊಡೆಯ ಕಡ್ಡಿ, ಏನುಂಟು ಏನಿಲ್ಲ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಹೆಂಗಸು, ಕೋಪ ಮೂಗಿನ ತುದಿಯಲ್ಲೇ. ಪಾಠ ಹುಡುಕುವಾಗ ಮಾತ್ರ ಎಲ್ಲಿಲ್ಲದ ತಾಳ್ಮೆ. ಸೈಕಲ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ಚೈನು ಏರಿಸುವುದನ್ನು ನೋಡುತ್ತಿದ್ದರು.

"ಏನಕ್ಕಾ, ಪಂಕ್ಚರಾ?" ಎಂದು ಅಂಗಡಿಯವನು ಕೇಳಿದರೆ, "ಇಲ್ಲಪ್ಪ, ಪಾಠ" ಎನ್ನುತ್ತಿದ್ದರು. ಮರುದಿನ ಅದೇ ಚೈನು ಗಣಿತದ ಅನುಪಾತವಾಗುತ್ತಿತ್ತು. ಇತಿಹಾಸಕ್ಕೆ ಮನೆಮನೆಯ ಹಳೇ ಬೀಗಗಳನ್ನು ತರಿಸಿದರು. ಯಾರು ಯಾರಿಗೆ ಹೆದರಿ ಬಾಗಿಲು ಹಾಕಿಕೊಂಡರು ಅನ್ನುವುದೇ ಆ ದಿನದ ಪಾಠ. ಭಾಷೆಗೆ ಔಷಧಿ ಅಂಗಡಿಯ ಚೀಟಿ ಸಾಕಾಯಿತು: ಅದನ್ನು ಅಜ್ಜಿಗೆ ಅರ್ಥವಾಗುವ ಹಾಗೆ ಬರೆದು ತನ್ನಿ, ಅಷ್ಟೆ.

ಎಲ್ಲವನ್ನೂ ತಮ್ಮ ಏಳನೇ ಕ್ಲಾಸಿಗೆಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಯಾರು ಬಾಯಿಬಿಡುವುದಿಲ್ಲ, ಯಾರನ್ನು ಎಲ್ಲಿ ಎಬ್ಬಿಸಬೇಕು, ಎಲ್ಲಿ ಸುಮ್ಮನಿರಬೇಕು, ಎಲ್ಲ ಅದರಲ್ಲಿತ್ತು. ಆ ನೋಟ್‌ಬುಕ್ಕೇ ಅವರಿಗೆ ಮುಳುವಾಯಿತು.

ಹೆಡ್‌ಮಾಸ್ಟರು ಅದನ್ನು ಓದಿ ಖುಷಿಯಿಂದ ಉಬ್ಬಿಹೋದರು. "ಮೇಡಂ, ಸೋಮವಾರದಿಂದ ನಿಮಗೆ ಕ್ಲಾಸೇ ಇಲ್ಲ. ಆಫೀಸಿನ ಪಕ್ಕದ ರೂಮು ನಿಮ್ದು. ಎಲ್ಲಾ ಸಬ್ಜೆಕ್ಟಿಗೂ ನೀವೇ ಪ್ಲ್ಯಾನ್ ಬರೀರಿ, ಉಳಿದವ್ರು ಓದಿ ಪಾಠ ಮಾಡ್ತಾರೆ. ಎಷ್ಟು ದೊಡ್ಡ ಗೌರವ ನೋಡಿ!"

"ನನ್ನ ಮಕ್ಕಳು?"

"ಹೊಸ ಮೇಷ್ಟ್ರು ಬರ್ತಾರಲ್ಲ."

ಟೀಚರಿಗೆ ಪಿತ್ತ ನೆತ್ತಿಗೇರಿತು. ಚೆನ್ನಾಗಿ ಪಾಠ ಮಾಡುತ್ತಾಳೆ ಎಂಬ ಕಾರಣಕ್ಕೇ ಪಾಠ ಮಾಡುವುದನ್ನು ಬಿಡಿಸುವ ಬುದ್ಧಿಗೆ ಏನನ್ನಬೇಕು? ಮನೆಯಲ್ಲಿ ಗಂಡನ ಮುಂದೆ ಕೂಗಾಡಿದರು. ಆತ ಪೇಪರ್ ಮಡಚದೆಯೇ, "ಹೋಗ್ಲಿ ಬಿಡೇ, ಕಾಲಿಗಾದ್ರೂ ರೆಸ್ಟು ಸಿಗುತ್ತೆ" ಎಂದ. ಆ ರಾತ್ರಿ ಆತನಿಗೆ ಸಾರಿನಲ್ಲಿ ಉಪ್ಪು ಸಿಗಲಿಲ್ಲ.

ಒಂದು ತಿಂಗಳು ಹಲ್ಲು ಕಚ್ಚಿಕೊಂಡು ಬರೆದರು. ಗೋಡೆಯಾಚೆ ಏಳನೇ ಕ್ಲಾಸು. ಮೊದಲಾದರೆ ಆ ಗದ್ದಲಕ್ಕೆ ಪಕ್ಕದ ಕ್ಲಾಸಿನವರು ದೂರು ತರುತ್ತಿದ್ದರು. ಈಗ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿತ್ತು. "ನೋಡಿ, ಎಂಥಾ ಶಿಸ್ತು!" ಎಂದು ಹೆಡ್‌ಮಾಸ್ಟರು ಬೀಗಿದರು.

ಒಂದು ದಿನ ಕಾರಿಡಾರಿನಲ್ಲಿ, ಏಳನೇ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿ ಸಿಕ್ಕಳು. ಮೊದಲೆಲ್ಲ ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದವಳು ಈಗ ಸುಮ್ಮನೆ ನಮಸ್ಕಾರ ಮಾಡಿದಳು. ಅವಳ ಕೈಯಿಂದ ವಿಜ್ಞಾನದ ನೋಟ್ಸು ತೆಗೆದು ನೋಡಿದರು. ದುಂಡಗಿನ ಅಕ್ಷರದಲ್ಲಿ ತಮ್ಮದೇ ಪ್ಲ್ಯಾನು ಇತ್ತು:

"ಒಬ್ಬಳನ್ನು ಎಬ್ಬಿಸಿ, ಕೀಲಿನ ಹತ್ತಿರ ಬಾಗಿಲು ತಳ್ಳಿಸುವುದು. ಬಾಗಿಲು ಅಲ್ಲಾಡುವುದಿಲ್ಲ. ಇಲ್ಲಿ ಮಕ್ಕಳು ನಗುತ್ತಾರೆ. ಸ್ವಲ್ಪ ಕಾಯುವುದು."

"ಬಾಗಿಲು ತಳ್ಳಿದ್ರಾ?"

"ಇಲ್ಲ ಟೀಚರ್. ಬರ್ಕೊಂಡ್ವಿ."

"ನಕ್ಕಿದ್ರಾ?"

ಹುಡುಗಿ ಗಾಬರಿಯಾದಳು. "ಅದೂ ಪರೀಕ್ಷೆಗೆ ಬರುತ್ತಾ ಟೀಚರ್?"

ಸಾಮಾನು ಟೀಚರ ಮೈಯೆಲ್ಲ ಉರಿದುಹೋಯಿತು. ಮೊದಲು ಹೊಸ ಮೇಷ್ಟ್ರ ಮೇಲೆ ಹರಿಹಾಯ್ದರು. ಮೀಸೆ ಸರಿಯಾಗಿ ಮೂಡದ ಆತ, "ಒಂದಕ್ಷರ ಬಿಡದೆ ಬರೆಸಿ ಅಂತ ಆರ್ಡರ್ ಮೇಡಂ. ನಂಗೆ ಬೇರೇನೂ ಹೇಳಿಕೊಟ್ಟಿಲ್ಲ" ಎಂದ. ಅವನ ಕಣ್ಣು ನೋಡಿ ಟೀಚರ್ ಬೈಗುಳ ನಿಲ್ಲಿಸಿದರು. ಸಿಟ್ಟು ಕಡಿಮೆಯಾಗಲಿಲ್ಲ, ದಾರಿ ಬದಲಿಸಿತು.

ಹೆಡ್‌ಮಾಸ್ಟರ ಮೇಜಿನ ಮೇಲೆ ಆ ನೋಟ್ಸನ್ನು ಬಡಿದು, "ನನ್ನ ಕ್ಲಾಸು ವಾಪಸ್ ಕೊಡಿ" ಎಂದರು. ಅವರು ಓದಿ, ಕನ್ನಡಕ ಸರಿಮಾಡಿಕೊಂಡರು. "ಇದಕ್ಕ್ಯಾಕೆ ಇಷ್ಟು ಸಿಟ್ಟು? ಇನ್ಮೇಲೆ ನಗುವ ಸಾಲು ಬರೀಬೇಡಿ, ಮುಗೀತು."

ಮುಗೀತಂತೆ! ಟೀಚರ್ ನೋಟ್ಸು ಎತ್ತಿಕೊಂಡು ಹೊರಬಂದರು. ಇನ್ನೊಂದು ನಿಮಿಷ ನಿಂತಿದ್ದರೆ ಬಾಯಲ್ಲಿ ಏನೇನು ಬರುತ್ತಿತ್ತೋ.

ಮರುದಿನ ಮೊದಲ ಪೀರಿಯಡ್ಡಿಗೆ ಅವರು ಏಳನೇ ಕ್ಲಾಸಿಗೆ ನುಗ್ಗಿ ಕೊನೇ ಬೆಂಚಿನಲ್ಲಿ ಇಬ್ಬರು ಹುಡುಗರನ್ನು ಸರಿಸಿ ಕೂತರು. ಹೊಸ ಮೇಷ್ಟ್ರು ಸೀಮೆಸುಣ್ಣ ಹಿಡಿದು ತಬ್ಬಿಬ್ಬಾಗಿ ನಿಂತ.

"ಮೇಡಂ, ಇವತ್ತಿನ ಪ್ಲ್ಯಾನ್ ಬಂದಿಲ್ಲ."

"ಬರಲ್ಲ. ಇನ್ಮೇಲೆ ಒಂದಕ್ಷರಾನೂ ಬರಿಯಲ್ಲ."

"ಮತ್ತೆ ನಾನೇನ್ ಮಾಡ್ಲಿ?"

"ತಲೆ ಎತ್ತಿ ಅವರ ಮುಖ ನೋಡಪ್ಪ. ಎಲ್ಲಿ ಎಡವುತ್ತೀಯೋ ಅಲ್ಲಿ ನಾನಿದೀನಿ."

ಆತ ತಲೆ ಎತ್ತಿದ. ನಲವತ್ತು ಜೊತೆ ಕಣ್ಣುಗಳು. ಬೆವರಿದ, ತಡವರಿಸಿದ, ಕೊನೆಗೆ ಒಬ್ಬಳನ್ನು ಎಬ್ಬಿಸಿಕೊಂಡು ಬಾಗಿಲ ಕಡೆ ನಡೆದ. ಅಷ್ಟರಲ್ಲಿ ಜವಾನ ಓಡಿ ಬಂದ.

"ಟೀಚರ್, ಸಾಹೇಬ್ರು ಕೂಗಾಡ್ತಿದಾರೆ. ನಿಮ್ ರೂಮು ಖಾಲಿ ಇದೆ, ಎಲ್ಲಿ ಹೋದ್ರು, ಕೆಲಸ ಬೇಕಾ ಬೇಡ್ವಾ ಕೇಳು ಅಂದ್ರು. ಏನ್ ಹೇಳ್ಲಿ?"

ಟೀಚರ್ ಬೆಂಚಿನಿಂದ ಕದಲಲಿಲ್ಲ.

"ಟೀಚರ್ ಕ್ಲಾಸಲ್ಲಿದಾರೆ ಅಂತ ಹೇಳು."